‘ದಿ ಬೆಲ್ ಜಾರ್’ ಓದಬೇಕು ಅಂತಿದ್ದೀನಿ, ಮನಸ್ಸು ಕುಗ್ಗಿಸುತ್ತಾ?

ಬರೆದವರೇ ಜೀವ ಕಳೆದುಕೊಂಡರು ಅಂತ ಕೇಳಿ ನಿಮಗೆ ಭಯವಾಗಿರಬೇಕು. ಸಿಲ್ವಿಯಾ ಪ್ಲಾತ್ ಅವರ ಈ ಕಾದಂಬರಿ 1963ರ ಜನವರಿಯಲ್ಲಿ ಬೇರೆ ಹೆಸರಲ್ಲಿ ಹೊರಬಂತು, ಮರುತಿಂಗಳೇ ಅವರು ತೀರಿಕೊಂಡರು. ಆದರೆ ಇದು ಅಳುಮುಂಜಿ ಪುಸ್ತಕ ಅಲ್ಲ. ಮೊದಲರ್ಧದಲ್ಲಿ ನಾನು ಎಷ್ಟೋ ಕಡೆ ನಕ್ಕಿದ್ದೇನೆ.

ಕಥಾನಾಯಕಿ ಎಸ್ತರ್‌ಗೆ ಹತ್ತೊಂಬತ್ತು ವರ್ಷ, ಓದಿನಲ್ಲಿ ಮುಂದು. 1953ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಫ್ಯಾಷನ್ ಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿದೆ. ನೋಡಿದವರೆಲ್ಲ ಪುಣ್ಯವಂತೆ ಅನ್ನುತ್ತಾರೆ, ಅವಳಿಗೆ ಮಾತ್ರ ಯಾವುದೂ ಹಿಡಿಸುವುದಿಲ್ಲ. ಊರಿಗೆ ವಾಪಸ್ ಬಂದ ಮೇಲೆ ನಿದ್ದೆ ಇಲ್ಲ, ಅಕ್ಷರ ತಲೆಗೆ ಹತ್ತುವುದಿಲ್ಲ. ಮೂರು ವಾರ ತಲೆಗೂದಲು ತೊಳೆಯುವುದಿಲ್ಲ. ಇವತ್ತು ತೊಳೆದರೆ ನಾಳೆ ಮತ್ತೆ ತೊಳೀಬೇಕಲ್ಲ, ಸುಮ್ನೆ ಯಾಕೆ ಅನ್ನೋದು ಅವಳ ವಾದ. ಓದುವಾಗ ನಮಗೂ ಹೌದಲ್ವಾ ಅನ್ನಿಸಿಬಿಡುತ್ತೆ. ಮನಸ್ಸಿನ ಕಾಯಿಲೆ ಒಳಗಿನಿಂದ ಹೇಗಿರುತ್ತೆ ಅಂತ ಇಷ್ಟು ಸಲೀಸಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಜೂರದ ಮರದ ಭಾಗ ಇದರಲ್ಲಿ ತುಂಬಾ ಹೆಸರಾದದ್ದು. ಒಂದೊಂದು ಹಣ್ಣೂ ಒಂದೊಂದು ಬದುಕು: ಗಂಡ ಮಕ್ಕಳು, ಕವಿ, ಪ್ರೊಫೆಸರ್. ಯಾವುದು ಕೀಳಲಿ ಅಂತ ಕೂತೇ ಇದ್ದಾಗ ಎಲ್ಲವೂ ಕಪ್ಪಾಗಿ ಉದುರುತ್ತವೆ. ತುಮಕೂರಿನಲ್ಲಿ ಪಾಠ ಮಾಡುತ್ತೇನೆ, ಶಿರಾ, ಮಧುಗಿರಿ ಕಡೆಯಿಂದ ಬಸ್ಸಲ್ಲಿ ಬರುವ ಹುಡುಗಿಯರೇ ಜಾಸ್ತಿ. ಅವರಿಗೆ ಇದನ್ನು ಹೇಳಿದಾಗ ಒಬ್ಬಳು, ‘ಮಿಸ್, ನಮ್ಮ ಮರದಲ್ಲಿ ಇರೋದೇ ಎರಡು. ಬಿ.ಎಡ್., ಇಲ್ಲಾಂದ್ರೆ ಮದುವೆ’ ಅಂದಳು. ಕ್ಲಾಸೆಲ್ಲ ನಕ್ಕಿತು. ನನಗೆ ಮುಂದೆ ಏನು ಹೇಳಬೇಕೋ ತೋಚಲಿಲ್ಲ.

ಕರೆಂಟ್ ಶಾಕ್ ಚಿಕಿತ್ಸೆ ಎರಡು ಸಲ ಬರುತ್ತೆ. ಮೊದಲ ಡಾಕ್ಟರ್ ಅದನ್ನು ಸರಿಯಾಗಿ ಕೊಡುವುದಿಲ್ಲ. ತಾನು ಅಂಥ ತಪ್ಪೇನು ಮಾಡಿದೆ ಅಂತ ಎಸ್ತರ್ ಯೋಚಿಸುತ್ತಾಳೆ. ಆಮೇಲೆ ಡಾಕ್ಟರ್ ನೋಲನ್ ಎಂಬ ಹೆಂಗಸು ಬರುತ್ತಾರೆ. ಅದೇ ಚಿಕಿತ್ಸೆ, ಆದರೆ ಅವರು ಜೊತೆಗೇ ಹೋಗುತ್ತಾರೆ, ಎಚ್ಚರವಾದಾಗ ಪಕ್ಕದಲ್ಲಿರುತ್ತಾರೆ. ಈಗೆಲ್ಲ ಅರಿವಳಿಕೆ ಕೊಟ್ಟೇ ಮಾಡುತ್ತಾರೆ, ಆ ಪುಟ ಓದಿ ಹೆದರಬೇಡಿ. ಕಪ್ಪು ಜನರ ಬಗ್ಗೆ ಕೆಲವು ಸಾಲು ಮಾತ್ರ ಕೆಟ್ಟದಾಗಿವೆ, ಅದನ್ನು ನಾನು ಸಮರ್ಥಿಸಲ್ಲ.

ಆತ್ಮಹತ್ಯೆಯ ಪ್ರಯತ್ನಗಳನ್ನು ವಿವರವಾಗಿ ಬರೆದಿದ್ದಾರೆ. ಸದ್ಯ ನಿಮಗೇ ಮನಸ್ಸು ಸರಿಯಿಲ್ಲ ಅಂದ್ರೆ ಪುಸ್ತಕ ಈಗ ಬೇಡ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಚೆನ್ನಾಗಿದ್ದೀರಿ ಅಂದ್ರೆ ಧೈರ್ಯವಾಗಿ ಓದಿ, ಆಮೇಲೆ ತ್ರಿವೇಣಿಯವರ ‘ಶರಪಂಜರ’ ತಗೊಳ್ಳಿ, ಸಿನಿಮಾ ನೋಡಿದ್ದರೂ ಸರಿ. ಎಸ್ತರ್ ಕಥೆ ಆಸ್ಪತ್ರೆಯಿಂದ ಬಿಡುಗಡೆ ಕೊಡಬಹುದಾ ಅಂತ ಡಾಕ್ಟರುಗಳು ಕೂತ ಕೋಣೆಯ ಬಾಗಿಲಲ್ಲಿ ನಿಲ್ಲುತ್ತೆ. ‘ಶರಪಂಜರ’ದ ಕಾವೇರಿಗೆ ನಿಜವಾದ ಕಷ್ಟ ಶುರುವಾಗೋದೇ ಗುಣವಾಗಿ ಮನೆಗೆ ಬಂದ ಮೇಲೆ.