‘ಏನಾದರೂ ಬೇಕಿದ್ದರೆ ಹೇಳು’ ಎಂದು ಹೇಳಿಯಾಯಿತು, ಮುಂದೇನು?

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ಜೊತೆಗಿರುವ ನನ್ನ ಗೆಳತಿಯ ಪತಿಗೆ ಮೂರು ವಾರಗಳ ಹಿಂದೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಅದು ಯಕೃತ್ತಿಗೂ ಹರಡಿದೆ, ನಾಲ್ಕನೇ ಹಂತ ಎಂದು ವೈದ್ಯರು ಹೇಳಿದ್ದಾರೆ. ‘ಏನಾದರೂ ಬೇಕಿದ್ದರೆ ಹೇಳು’ ಎಂದು ಅವಳಿಗೆ ಹೇಳಿದ್ದೇನೆ. ಈವರೆಗೆ ಒಂದು ಸಲವೂ ಏನನ್ನೂ ಕೇಳಿಲ್ಲ. ‘ಧೈರ್ಯವಾಗಿರು, ಎಲ್ಲ ಸರಿಹೋಗುತ್ತದೆ’ ಎಂದಾಗ, ಆಮೇಲೆ ಮಾತಾಡುತ್ತೇನೆ ಎಂದು ಫೋನ್ ಇಟ್ಟುಬಿಟ್ಟಳು. ರೋಗ ಎಷ್ಟು ಮುಂದುವರಿದಿದೆ ಎಂಬುದನ್ನು ಅವಳ ಪತಿಗೆ ಮನೆಯವರು ತಿಳಿಸಿಲ್ಲ; ನಾನೂ ಬಾಯಿ ಬಿಡಬಾರದಂತೆ. ಒಂಬತ್ತು ವರ್ಷದ ಮಗಳಿಗೆ ‘ಅಪ್ಪನಿಗೆ ಕೆಮ್ಮು ಜಾಸ್ತಿಯಾಗಿದೆ’ ಎಂದಷ್ಟೇ ಹೇಳಿದ್ದಾರೆ. ಅವರ ಮನೆಗೆ ಹೋಗಲು ಕಾಲು ಬರುತ್ತಿಲ್ಲ, ಹೋಗದಿರಲು ಮನಸ್ಸು ಒಪ್ಪುತ್ತಿಲ್ಲ. ನಾನೇನು ಮಾಡಲಿ?

ಉತ್ತರ: ನಿಮ್ಮ ಗೆಳತಿ ಏನನ್ನೂ ಕೇಳದಿರುವುದಕ್ಕೆ ನಿಮ್ಮ ಮೇಲಿನ ಬೇಸರ ಕಾರಣವಲ್ಲ. ಇಂಥ ಸುದ್ದಿ ಬಂದ ಮನೆಯಲ್ಲಿ ಮೊದಲು ಕುಗ್ಗುವುದು ಯೋಚಿಸಿ ತೀರ್ಮಾನಿಸುವ ಶಕ್ತಿ. ‘ಏನಾದರೂ ಬೇಕಿದ್ದರೆ ಹೇಳು’ ಎಂಬ ಮಾತು ಎಷ್ಟೇ ಪ್ರೀತಿಯಿಂದ ಬಂದಿರಲಿ, ಅದು ಅವರ ತಲೆಯ ಮೇಲೆ ಇನ್ನೊಂದು ಹೊರೆಯನ್ನು ಇಡುತ್ತದೆ. ತನಗೇನು ಬೇಕೆಂದು ಅವರೇ ಹುಡುಕಿಕೊಳ್ಳಬೇಕು, ಅದನ್ನು ಯಾರಲ್ಲಿ ಕೇಳಬಹುದೆಂದು ಅಳೆಯಬೇಕು, ಕೊನೆಗೆ ಸಂಕೋಚ ಬಿಟ್ಟು ಬಾಯಿ ತೆರೆಯಬೇಕು. ಅಷ್ಟಕ್ಕೆ ಅವರಲ್ಲಿ ಈಗ ತ್ರಾಣವಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಪತಿಯ ವರದಿಗಳನ್ನು ಹಿಡಿದು ನನ್ನ ಕೋಣೆಗೆ ಬಂದಿದ್ದ ಮಹಿಳೆಯೊಬ್ಬರು ನೆನಪಾಗುತ್ತಾರೆ. ಮೇಜಿನ ಮೇಲಿಟ್ಟ ಅವರ ಫೋನ್ ಎರಡು ನಿಮಿಷಕ್ಕೊಮ್ಮೆ ಅದುರುತ್ತಿತ್ತು. ಅವರು ಅದನ್ನು ಮೊದಲು ಮಗುಚಿ ಇಟ್ಟರು, ಆಮೇಲೆ ಚೀಲದೊಳಗೆ ತುರುಕಿದರು. ಅಲ್ಲಿಯೂ ಅದು ಅದುರಿತು. ‘ಸ್ಕ್ಯಾನಿನಲ್ಲಿ ಏನು ಬಂತು ಅಂತ ಬೆಳಗಿನಿಂದ ಹನ್ನೊಂದು ಜನಕ್ಕೆ ಹೇಳಿದ್ದೇನೆ ಡಾಕ್ಟರೇ, ಪ್ರತಿ ಸಲ ಹೇಳುವಾಗಲೂ ನನಗೇ ಈಗ ಗೊತ್ತಾದ ಹಾಗೆ ಆಗುತ್ತೆ’ ಎಂದರು. ಪಕ್ಕದಲ್ಲಿ ಕುಳಿತಿದ್ದ ನಾದಿನಿ ಏನೂ ಮಾತಾಡದೆ ಚೀಲದಿಂದ ಫೋನ್ ತೆಗೆದುಕೊಂಡು, ‘ಇನ್ನು ಮೇಲೆ ಇದು ನನ್ನ ಹತ್ತಿರ ಇರಲಿ ಅತ್ತಿಗೆ’ ಎಂದರು. ಅಂದಿನಿಂದ ದಿನಕ್ಕೊಮ್ಮೆ ಸಂಜೆ ಅವರೇ ಎಲ್ಲರಿಗೂ ಒಂದೇ ಸಂದೇಶ ಕಳುಹಿಸುತ್ತಿದ್ದರು. ಆ ಮನೆಗೆ ಆ ತಿಂಗಳು ಸಿಕ್ಕ ಸಹಾಯಗಳಲ್ಲಿ ಅದಕ್ಕಿಂತ ದೊಡ್ಡದನ್ನು ನಾನು ಕಾಣಲಿಲ್ಲ.

ನೀವೂ ಇಂಥದೊಂದು ಕೆಲಸವನ್ನು ಗುರುತಿಸಿ, ‘ಹೂಂ’ ಅಥವಾ ‘ಬೇಡ’ ಎಂಬ ಒಂದೇ ಪದದಲ್ಲಿ ಉತ್ತರಿಸಲು ಸಾಧ್ಯವಾಗುವಂತೆ ಕೇಳಿ. ‘ಗುರುವಾರ ಮಗಳನ್ನು ಶಾಲೆಯಿಂದ ನಾನು ಕರೆದುಕೊಂಡು ಬಂದು ರಾತ್ರಿ ಎಂಟರವರೆಗೆ ನಮ್ಮ ಮನೆಯಲ್ಲಿ ಇರಿಸಿಕೊಳ್ಳಲೇ?’ ಎಂಬುದು ಅಂಥ ಪ್ರಶ್ನೆ. ಕೀಮೋಥೆರಪಿಯ ದಿನ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಕಾದು ಕುಳಿತುಕೊಳ್ಳುವುದು, ಚೆಲ್ಲಾಪಿಲ್ಲಿಯಾಗಿರುವ ವರದಿಗಳನ್ನು ದಿನಾಂಕದ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿಕೊಡುವುದು, ವೈದ್ಯರ ಭೇಟಿಯಲ್ಲಿ ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು, ವಾರಕ್ಕೆ ಒಂದು ರಾತ್ರಿ ರೋಗಿಯ ಪಕ್ಕದಲ್ಲಿ ನೀವಿದ್ದು ಅವಳು ಆರು ಗಂಟೆ ನಿದ್ದೆ ಮಾಡುವಂತೆ ನೋಡಿಕೊಳ್ಳುವುದು, ಇವು ಹೊರಗಿನಿಂದ ಸಣ್ಣವಾಗಿ ಕಂಡರೂ ಆ ಮನೆಯನ್ನು ನಿಲ್ಲಿಸಿ ಹಿಡಿಯುವ ಕೆಲಸಗಳು. ಅವಳು ಬೇಡ ಎಂದರೆ ಒತ್ತಾಯಿಸಬೇಡಿ; ಹತ್ತು ದಿನ ಬಿಟ್ಟು ಬೇರೊಂದನ್ನು ಕೇಳಿ. ಸಂದೇಶ ಕಳುಹಿಸುವಾಗ ಕೊನೆಯಲ್ಲಿ ‘ಉತ್ತರ ಬರೆಯಬೇಕಾಗಿಲ್ಲ’ ಎಂದು ಸೇರಿಸುವುದನ್ನು ಮರೆಯಬೇಡಿ.

ಇನ್ನು ಮಾತಿನ ವಿಷಯ. ‘ಎಲ್ಲ ಸರಿಹೋಗುತ್ತದೆ’ ಎನ್ನುವುದು ಆಡುವವರ ಕಳವಳವನ್ನು ಇಳಿಸುತ್ತದೆ. ಕೇಳುವವರಿಗೆ ಮಾತ್ರ, ತನ್ನ ಭಯವನ್ನು ಈ ವ್ಯಕ್ತಿಯ ಮುಂದೆ ಹೇಳಿಕೊಳ್ಳುವಂತಿಲ್ಲ ಎಂದು ಕೇಳಿಸುತ್ತದೆ. ಆಗ ಫೋನ್ ಇಡದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ‘ಇದನ್ನು ಕೇಳಿ ನನಗೆ ಏನು ಹೇಳಬೇಕೆಂದು ತೋಚುತ್ತಿಲ್ಲ, ಆದರೆ ನಾನು ಇಲ್ಲೇ ಇರುತ್ತೇನೆ’ ಎನ್ನುವುದು ಸಾಕು, ಏಕೆಂದರೆ ಅದು ನಿಜ. ಅವಳು ಅತ್ತರೆ ಅಳಲಿ, ಸುಮ್ಮನಿದ್ದರೆ ನೀವೂ ಸುಮ್ಮನಿರಿ. ನಿಮ್ಮದೇ ದುಃಖವನ್ನು ಎಲ್ಲಿ ಇಳಿಸಬೇಕು ಎಂಬುದಕ್ಕೆ ಸೂಸನ್ ಸಿಲ್ಕ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಬ್ಯಾರಿ ಗೋಲ್ಡ್‌ಮನ್ 2013ರಲ್ಲಿ ಒಂದು ಸರಳ ಚಿತ್ರವನ್ನು ಕೊಟ್ಟರು. ನಡುವೆ ರೋಗಿ, ಅವರ ಸುತ್ತ ಒಂದು ವೃತ್ತದಲ್ಲಿ ಪತ್ನಿ ಮತ್ತು ಮಕ್ಕಳು, ಅದರ ಹೊರಗೆ ಒಡಹುಟ್ಟಿದವರು, ಇನ್ನೂ ಹೊರಗೆ ಗೆಳೆಯರು. ಸಾಂತ್ವನ ಹೊರಗಿನಿಂದ ಒಳಕ್ಕೆ ಹೋಗಬೇಕು, ಗೋಳು ಮತ್ತು ದೂರು ಒಳಗಿನಿಂದ ಹೊರಕ್ಕೆ ಬರಬೇಕು. ನಿಮ್ಮ ಗೆಳತಿಯ ಎದುರಿಗೆ ಕಣ್ಣು ತುಂಬಿದರೆ ತಪ್ಪಿಲ್ಲ, ಆದರೆ ಅವಳೇ ನಿಮ್ಮನ್ನು ಸಮಾಧಾನಪಡಿಸುವಂತಾಗಬಾರದು.

ಎರಡು ಮಾತುಗಳಿಂದ ದೂರವಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ‘ಅವರು ಸಿಗರೇಟು ಸೇದುತ್ತಿದ್ದರೇ?’ ಎಂಬುದು ಒಂದು. ಜೀವನದಲ್ಲಿ ಒಮ್ಮೆಯೂ ಸೇದದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಸೇದುತ್ತಿದ್ದವರಾದರೂ ಈಗ ಆ ಪ್ರಶ್ನೆ ಗಾಯಕ್ಕೆ ಉಪ್ಪು ಸವರುತ್ತದೆಯೇ ಹೊರತು ಯಾವ ಪ್ರಯೋಜನಕ್ಕೂ ಬಾರದು. ಇನ್ನೊಂದು, ಯಾರೋ ಯಾವುದೋ ಪುಡಿಯಿಂದ ಗುಣವಾದರಂತೆ ಎಂಬ ಸುದ್ದಿ. ಕೆಲವು ಗಿಡಮೂಲಿಕೆಗಳು ಕ್ಯಾನ್ಸರ್ ಔಷಧ ದೇಹದಲ್ಲಿ ಕರಗಿ ಹೊರಹೋಗುವ ವೇಗವನ್ನೇ ಬದಲಿಸುತ್ತವೆ. ಹಾಗಾಗಿ ಯಾವುದನ್ನೇ ಆಗಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸದೆ ಕೊಡುವುದು ಅಪಾಯ.

ನಾಲ್ಕನೇ ಹಂತ ಎಂದರೆ ರೋಗ ಹುಟ್ಟಿದ ಜಾಗವನ್ನು ಬಿಟ್ಟು ದೂರದ ಅಂಗಕ್ಕೆ ಹರಡಿದೆ ಎಂದರ್ಥ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇದನ್ನು ಪೂರ್ತಿ ಗುಣಪಡಿಸುವುದು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ, ಆದರೆ ಚಿಕಿತ್ಸೆಯೇ ಇಲ್ಲ ಎಂದು ತಿಳಿಯಬಾರದು. ಗಡ್ಡೆಯ ಚೂರನ್ನು ಜೀನ್ ಪರೀಕ್ಷೆಗೆ ಒಳಪಡಿಸಿದಾಗ ಇಜಿಎಫ್‌ಆರ್, ಎಎಲ್‌ಕೆ ಮುಂತಾದ ಜೀನ್‌ಗಳಲ್ಲಿ ಬದಲಾವಣೆಗಳು ಕಂಡರೆ ಅವುಗಳಿಗೆಂದೇ ಇರುವ ಮಾತ್ರೆಗಳಿವೆ. ಕೆಲವರಿಗೆ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರಿನ ವಿರುದ್ಧ ಹೋರಾಡುವಂತೆ ಮಾಡುವ ಚಿಕಿತ್ಸೆ, ಒಗ್ಗುತ್ತದೆ. ಈ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಲು ನಿಮ್ಮ ಗೆಳತಿಗೆ ನೆನಪಿಸಬಹುದು. ‘ಇಷ್ಟು ತಿಂಗಳು’ ಎಂದು ಯಾರಾದರೂ ಹೇಳುವ ಲೆಕ್ಕವು ನೂರಾರು ರೋಗಿಗಳ ಸಾಲಿನಲ್ಲಿ ನಡುವೆ ನಿಂತವರ ಲೆಕ್ಕ. ಅರ್ಧದಷ್ಟು ಜನ ಅದನ್ನು ದಾಟಿರುತ್ತಾರೆ, ಅವರಲ್ಲಿ ಕೆಲವರು ಬಹಳ ದೂರ ದಾಟಿರುತ್ತಾರೆ. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಪತ್ತೆಯಾದ, ಉದರದ ಒಳಪೊರೆಯ ಕ್ಯಾನ್ಸರಿಗೆ ಪುಸ್ತಕಗಳು ಹೇಳುತ್ತಿದ್ದ ನಡುವಿನ ಲೆಕ್ಕ ಎಂಟು ತಿಂಗಳು; ಅವರು ಬದುಕಿದ್ದು 20 ವರ್ಷ. ಇದು ಎಲ್ಲರಿಗೂ ಹೀಗೇ ಆಗುತ್ತದೆಂಬ ಭರವಸೆಯಲ್ಲ, ಒಂದು ಸಂಖ್ಯೆಯನ್ನು ಒಬ್ಬ ಮನುಷ್ಯನ ಹಣೆಗೆ ಅಂಟಿಸಬಾರದು ಎಂಬುದಕ್ಕಷ್ಟೇ ಹೇಳಿದೆ.

ಚಿಕಿತ್ಸೆಯ ಜೊತೆಯಲ್ಲೇ, ಮೊದಲ ದಿನದಿಂದಲೇ, ನೋವು, ಉಬ್ಬಸದಂಥ ಬಾಧೆಗಳನ್ನೂ ಮನಸ್ಸಿನ ಕಳವಳವನ್ನೂ ತಗ್ಗಿಸುವ ಉಪಶಾಮಕ ಆರೈಕೆಯನ್ನು (ಪ್ಯಾಲಿಯೇಟಿವ್ ಕೇರ್) ಕೇಳಿ ಪಡೆಯಬೇಕು. ಪ್ಯಾಲಿಯೇಟಿವ್ ಕೇರ್ ಎಂದರೆ ಕೈಚೆಲ್ಲಿದ ಮೇಲೆ ಕಳುಹಿಸುವ ಕಡೆ ಎಂಬ ತಪ್ಪು ತಿಳಿವಳಿಕೆಯಿಂದ ಬಹಳ ಮಂದಿ ಅನಗತ್ಯವಾಗಿ ನರಳಿದ್ದಾರೆ. ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ಆಗಷ್ಟೇ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಗಿದ್ದ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆಯ ಜೊತೆಗೆ ಆರಂಭದಲ್ಲೇ ಈ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು, ಅವರಲ್ಲಿ ಖಿನ್ನತೆ ಕಡಿಮೆ ಇತ್ತು, ಅಷ್ಟೇ ಅಲ್ಲ, ಬರೀ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಬದುಕಿದರು.

ರೋಗಿಯಿಂದ ಮುಚ್ಚಿಡುವ ಪ್ರಶ್ನೆ ಇವೆಲ್ಲಕ್ಕಿಂತ ಕಠಿಣವಾದದ್ದು. ಮನೆಯವರು ಪ್ರೀತಿಯಿಂದಲೇ ಮುಚ್ಚಿಡುತ್ತಾರೆ, ಆದ್ದರಿಂದ ಅವರನ್ನು ತಪ್ಪಿತಸ್ಥರಂತೆ ನೋಡಬಾರದು. ವೈದ್ಯರೂ ಒಂದು ಕಾಲಕ್ಕೆ ಹಾಗೆಯೇ ಇದ್ದರು. ಅಮೆರಿಕದಲ್ಲಿ 1961ರಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ 90ರಷ್ಟು ವೈದ್ಯರು ಕ್ಯಾನ್ಸರ್ ಎಂದು ರೋಗಿಗೆ ತಿಳಿಸದಿರುವುದೇ ಮೇಲು ಎಂದಿದ್ದರು; 1979ರ ಸಮೀಕ್ಷೆಯಲ್ಲಿ ಶೇ 97ರಷ್ಟು ಮಂದಿ ತಿಳಿಸುವುದೇ ಸರಿ ಎಂದರು. ನಡುವೆ ವೈದ್ಯಲೋಕ ಕಲಿತದ್ದು ಇಷ್ಟು: ರೋಗಿಗೆ ಹೇಗೂ ಗೊತ್ತಾಗುತ್ತದೆ. ಇಳಿಯುತ್ತಿರುವ ತೂಕ, ಬಾಗಿಲ ಹೊರಗಿನ ಪಿಸುಮಾತು, ಒಳಗೆ ಬರುವ ಮುನ್ನ ಮುಖ ತೊಳೆದುಕೊಂಡು ಬರುವ ಹೆಂಡತಿ, ಇವು ಯಾವ ವರದಿಗಿಂತಲೂ ಸ್ಪಷ್ಟವಾಗಿ ಹೇಳುತ್ತವೆ. ಆಮೇಲೆ ಅವರೂ ಮನೆಯವರಿಗಾಗಿ ಗೊತ್ತಿಲ್ಲದಂತೆ ನಟಿಸತೊಡಗುತ್ತಾರೆ, ಪರಸ್ಪರ ಆಡಬೇಕಾದ ಮಾತುಗಳೆಲ್ಲ ಒಳಗೇ ಉಳಿದುಬಿಡುತ್ತವೆ.

ಹಾಗೆಂದು ನೀವು ಹೋಗಿ ಹೇಳಿಬಿಡುವುದು ಖಂಡಿತ ಸಲ್ಲದು. ಅವರಾಗಿಯೇ ‘ನನಗೆ ಏನಾಗಿದೆ, ನಿನಗೇನಾದರೂ ಗೊತ್ತೇ?’ ಎಂದು ಕೇಳಿದರೆ ಸುಳ್ಳನ್ನೂ ಹೇಳಬೇಡಿ, ‘ನಿಮಗೆ ಏನನ್ನಿಸುತ್ತಿದೆ? ಡಾಕ್ಟರನ್ನೇ ಕೇಳಬೇಕು ಅನ್ನಿಸುತ್ತಿದೆಯೇ?’ ಎಂದು ಮರಳಿ ಕೇಳಿ. ನಿಮ್ಮ ಗೆಳತಿಗೆ ನೀವು ಕೊಡಬಹುದಾದ ಸಲಹೆ ಇದು: ‘ಅವರಿಗೆ ಎಷ್ಟು ತಿಳಿಯುವ ಇಚ್ಛೆಯಿದೆ’ ಎಂದು ಅವರನ್ನೇ ಕೇಳುವಂತೆ ವೈದ್ಯರಲ್ಲಿ ವಿನಂತಿಸಲಿ. ತಿಳಿಯಲು ಬಯಸದ ಹಕ್ಕೂ ರೋಗಿಗೆ ಇದೆ, ಆದರೆ ಅದನ್ನು ನಿರ್ಧರಿಸಬೇಕಾದವರು ಅವರು.

ಮಗಳ ವಿಷಯದಲ್ಲಿ ಮಾತ್ರ ತಡ ಮಾಡಬಾರದು. ಒಂಬತ್ತರ ಮಗು ಮನೆಯ ಗಾಳಿ ಬದಲಾದುದನ್ನು ಆಗಲೇ ಗ್ರಹಿಸಿರುತ್ತದೆ, ಗೊತ್ತಿರದ ಕಡೆಯನ್ನು ತನ್ನ ಕಲ್ಪನೆಯಿಂದ ತುಂಬಿಕೊಳ್ಳುತ್ತದೆ, ಎಷ್ಟೋ ಸಲ ತನ್ನದೇ ತಪ್ಪಿನಿಂದ ಹೀಗಾಯಿತೆಂದು ನಂಬಿಕೊಂಡಿರುತ್ತದೆ. ಹಿಂದೆ ನಾನು ನೋಡಿದ ಒಬ್ಬ ಹುಡುಗಿ, ತಾನು ಜಗಳವಾಡಿದ ರಾತ್ರಿಯೇ ಅಪ್ಪ ಆಸ್ಪತ್ರೆಗೆ ಸೇರಿದ್ದನ್ನು ಎರಡು ತಿಂಗಳು ಯಾರಿಗೂ ಹೇಳದೆ ಹೊತ್ತುಕೊಂಡಿದ್ದಳು. ಕೆಮ್ಮು ಎಂದರೆ ಇನ್ನೊಂದು ತೊಂದರೆಯೂ ಇದೆ: ನಾಳೆ ತನಗೇ ಕೆಮ್ಮು ಬಂದಾಗ ಅವಳು ಹೆದರುತ್ತಾಳೆ. ಆದ್ದರಿಂದ ತಾಯಿಯೇ, ಸಾಧ್ಯವಾದರೆ ತಂದೆಯೂ ಜೊತೆಗಿದ್ದು, ಕಾಯಿಲೆಯ ಹೆಸರನ್ನು ಕ್ಯಾನ್ಸರ್ ಎಂದೇ ಹೇಳಲಿ. ಇದು ನಿನ್ನಿಂದ ಬಂದದ್ದಲ್ಲ, ಮುಟ್ಟಿದರೆ ಅಂಟುವುದಿಲ್ಲ, ಅಪ್ಪನನ್ನು ಅಪ್ಪಿಕೊಳ್ಳಬಹುದು, ಔಷಧದಿಂದ ಕೂದಲು ಉದುರಬಹುದು, ನಿನ್ನನ್ನು ನೋಡಿಕೊಳ್ಳಲು ಇಂಥಿಂಥವರು ಇರುತ್ತಾರೆ, ಇಷ್ಟನ್ನು ಸ್ವಲ್ಪ ಸ್ವಲ್ಪವಾಗಿ, ಅವಳು ಕೇಳಿದಷ್ಟು ಹೇಳಿದರೆ ಸಾಕು. ‘ಅಪ್ಪ ಸತ್ತುಹೋಗ್ತಾರಾ?’ ಎಂದು ಕೇಳಿದರೆ ‘ಕಾಯಿಲೆ ಜೋರಾಗಿದೆ, ಡಾಕ್ಟರು ಮಾಡಬೇಕಾದ್ದನ್ನೆಲ್ಲ ಮಾಡುತ್ತಿದ್ದಾರೆ, ಏನಾದರೂ ಬದಲಾದರೆ ನಿನಗೆ ಹೇಳಿಯೇ ಹೇಳುತ್ತೇವೆ’ ಎನ್ನಲಿ, ಮತ್ತು ಆ ಮಾತಿನಂತೆ ನಡೆದುಕೊಳ್ಳಲಿ. ಅವಳ ಶಿಕ್ಷಕಿಗೂ ತಿಳಿದಿರಲಿ.

ಮನೆಗೆ ಹೋಗುವಾಗ ನೆಗಡಿ, ಜ್ವರ ಇದ್ದರೆ ಅಂದು ಹೋಗಬೇಡಿ. ಕೀಮೋ ಆದ ಸುಮಾರು ಒಂದರಿಂದ ಎರಡು ವಾರಗಳ ನಡುವೆ ಬಿಳಿ ರಕ್ತಕಣಗಳು ಬಹಳ ಕಡಿಮೆಯಾಗುತ್ತವೆ. ಆಗ ರೋಗಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರವೆಂದರೆ ತುರ್ತು ಪರಿಸ್ಥಿತಿ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಅವರು ಊಟ ಬೇಡವೆಂದರೆ ಬಲವಂತ ಮಾಡಬೇಡಿ ಎಂದು ಮನೆಯವರಿಗೂ ಹೇಳಿ. ಹಸಿವು ಸತ್ತುಹೋಗುವುದು ರೋಗದ ಗುಣ, ಹಟವಲ್ಲ. ಅವರಿಗೆ ಒಗ್ಗಿದ್ದನ್ನು ಒಗ್ಗಿದ ಹೊತ್ತಿನಲ್ಲಿ ನಾಲ್ಕು ಚಮಚ ಕೊಟ್ಟು ಸುಮ್ಮನಿರುವುದೇ ಒಳ್ಳೆಯದು.

ಕೊನೆಯದಾಗಿ, ಈಗ ಅವರ ಮನೆಯಲ್ಲಿ ಜನ ತುಂಬಿರಬಹುದು. ಮೂರನೇ ತಿಂಗಳಿಗೆ ಫೋನುಗಳು ನಿಲ್ಲುತ್ತವೆ, ಆದರೆ ಸ್ಕ್ಯಾನ್‌ಗಳು ನಿಲ್ಲುವುದಿಲ್ಲ. ಅವರ ಮುಂದಿನ ಸ್ಕ್ಯಾನಿನ ದಿನಾಂಕವನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು ಹಿಂದಿನ ರಾತ್ರಿ ಒಂದು ಸಾಲು ಬರೆಯಿರಿ. ಮನೆಗೆ ಹೋಗಲು ಕಾಲು ಬರುತ್ತಿಲ್ಲ ಎಂದಿರಿ. ಮೊದಲ ಭೇಟಿ ಹದಿನೈದು ನಿಮಿಷದ್ದಾಗಿರಲಿ, ಹೋಗುವ ಮುನ್ನ ಹೇಳಿ ಹೋಗಿ.

ಪ್ರಶ್ನೆ: ನಮ್ಮ ತಂದೆಯವರ ಕ್ಯಾನ್ಸರ್ ಮೂಳೆಗೆ ಹರಡಿದ್ದು, ನೋವಿಗೆ ಮಾರ್ಫಿನ್ ಬರೆದುಕೊಟ್ಟಿದ್ದಾರೆ. ಅದು ಚಟವಾಗುತ್ತದೆ, ಪ್ರಾಣ ಬೇಗ ಹೋಗುತ್ತದೆ ಎಂದು ಅಣ್ಣ ಕೊಡಲು ಬಿಡುತ್ತಿಲ್ಲ. ದಿನವೂ ಜಗಳವಾಗುತ್ತಿದೆ.

ಉತ್ತರ: ನಿಮ್ಮ ಅಣ್ಣನವರ ಹೆದರಿಕೆ ಬಹಳ ಮನೆಗಳಲ್ಲಿ ಇರುವಂಥದೇ. ಕ್ಯಾನ್ಸರ್ ನೋವಿಗೆ ವೈದ್ಯರ ಲೆಕ್ಕದಂತೆ ಕೊಟ್ಟ ಮಾರ್ಫಿನ್ ಚಟವಾಗುವುದು ಅಪರೂಪ, ಅದು ಆಯುಷ್ಯವನ್ನು ಕಡಿಮೆ ಮಾಡುವುದಿಲ್ಲ. ತೀವ್ರ ನೋವಿಗೆ ಇದನ್ನು ಗಡಿಯಾರದ ಪ್ರಕಾರ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಸೂಚಿಸಿದೆ; ನೋವು ತಡೆಯಲಾರದಷ್ಟು ಏರಿದ ಮೇಲೆ ಕೊಟ್ಟರೆ ಅದನ್ನು ಇಳಿಸಲು ಹೆಚ್ಚು ಔಷಧ ಬೇಕಾಗುತ್ತದೆ. ಮೊದಲ ಕೆಲವು ದಿನ ಮಂಪರು ಇದ್ದು ಸಾಮಾನ್ಯವಾಗಿ ಆಮೇಲೆ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧ ಬೇಕು. ಎಬ್ಬಿಸಲು ಕಷ್ಟವಾಗುವಷ್ಟು ಮಂಪರಿದ್ದರೆ ಅಥವಾ ಉಸಿರು ತೀರ ನಿಧಾನವಾದರೆ ತಕ್ಷಣ ವೈದ್ಯರನ್ನು ಕರೆಯಿರಿ. ಹಠಾತ್ತನೆ ನಿಲ್ಲಿಸಬೇಡಿ, ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಇನ್ನು ಜಗಳದ ಮಾತು. ನೋವು ಎಷ್ಟು ಗಂಟೆಗೆ ಬಂತು, ಹತ್ತರಲ್ಲಿ ಎಷ್ಟಿತ್ತು ಎಂದು ತಂದೆಯವರನ್ನೇ ಕೇಳಿ ಒಂದು ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಅಣ್ಣನಿಗೆ ಒಪ್ಪಿಸಿ, ಮುಂದಿನ ಭೇಟಿಗೆ ಆ ಪುಸ್ತಕದೊಂದಿಗೆ ಅವರನ್ನೇ ವೈದ್ಯರ ಬಳಿಗೆ ಕಳುಹಿಸಿ. ಅವರ ಪ್ರಶ್ನೆಗಳಿಗೆ ನೀವು ಉತ್ತರಿಸುವುದಕ್ಕಿಂತ ವೈದ್ಯರು ಉತ್ತರಿಸುವುದು ಲೇಸು.