ಸಹಪಾಠಿಗಳ ಪೀಡನೆಯಿಂದ ಹದಿಹರೆಯದವರಿಗೆ ದೈಹಿಕ ಕಾಯಿಲೆಯೂ ಬರುತ್ತದೆಯೇ?

ಶಾಲೆಗೆ ಹೊರಡುವ ಹೊತ್ತಿಗೇ ಮಗನಿಗೆ ಹೊಟ್ಟೆನೋವು ಬರುತ್ತದೆ, ವೈದ್ಯರ ತಪಾಸಣೆಯಲ್ಲಿ ಏನೂ ಕಾಣಿಸುತ್ತಿಲ್ಲ, ಸಹಪಾಠಿಗಳ ಪೀಡನೆ ಇದಕ್ಕೆ ಕಾರಣವಿರಬಹುದೇ ಎಂದು ಕೇಳಿದ್ದೀರಿ. ಖಂಡಿತ ಇರಬಹುದು; ಆ ನೋವು ನಟನೆಯಲ್ಲ.

ಬೆದರಿಕೆ ದಿನವೂ ಮರುಕಳಿಸಿದಾಗ ದೇಹವು ಅಪಾಯವನ್ನು ಎದುರಿಸುವ ಸ್ಥಿತಿಯಲ್ಲೇ ಉಳಿದು, ಕಾರ್ಟಿಸಾಲ್‌ನಂತಹ ಒತ್ತಡದ ಹಾರ್ಮೋನುಗಳ ಲಯ ತಪ್ಪುತ್ತದೆ. ಕರುಳಿಗೂ ಮೆದುಳಿಗೂ ನರಗಳ ನೇರ ಸಂಪರ್ಕವಿರುವುದರಿಂದ ಹೊಟ್ಟೆನೋವು, ವಾಕರಿಕೆ ಕಾಣಿಸಿಕೊಳ್ಳುತ್ತವೆ; ಇದೇ ಒತ್ತಡದಿಂದ ತಲೆನೋವು ಬರುತ್ತದೆ, ನಿದ್ದೆಯೂ ಕೆಡುತ್ತದೆ. ನಿದ್ದೆ ಕೆಟ್ಟರೆ ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ಅಂಕ ಇಳಿಯುತ್ತದೆ, ಮನೆಯಲ್ಲೂ ಬೈಗುಳ ಶುರುವಾಗುತ್ತದೆ. ಆತಂಕ, ಖಿನ್ನತೆ, ಕೆಲವರಲ್ಲಿ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಯೋಚನೆ ಕೂಡ ಹೀಗೆ ಬೆಳೆಯಬಹುದು.

ಮಂಡ್ಯದ ನಮ್ಮ ಬೀದಿಯಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬನ ಊಟದ ಡಬ್ಬಿ ಎರಡು ತಿಂಗಳ ಕಾಲ ಮುಚ್ಚಳ ತೆಗೆಯದೆಯೇ ಮನೆಗೆ ಮರಳುತ್ತಿತ್ತು. ಅವನ ತೊದಲನ್ನು ಅಣಕಿಸುತ್ತಿದ್ದವರು ಊಟದ ಸಾಲಿನಲ್ಲೇ ಕೂರುತ್ತಿದ್ದರೆಂಬುದು ಅಜ್ಜಿಗೆ ಮಾತ್ರ ತಿಳಿಯಿತು, ಏಕೆಂದರೆ ಬೈಯದೆ ಕೇಳಿದವರು ಅವರೊಬ್ಬರೇ.

ನೀವೂ ಹಾಗೆಯೇ ಕೇಳಿ. "ತಿರುಗಿ ಹೊಡಿ" ಎಂಬ ಸಲಹೆಯನ್ನು ದಯವಿಟ್ಟು ಕೊಡಬೇಡಿ. ನಡೆದದ್ದನ್ನು ದಿನಾಂಕದೊಡನೆ ಬರೆದು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಲುಪಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ, ಮಾನಸಿಕ ನೆರವಿಗಾಗಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.