ಪ್ರಾರ್ಥನೆ ಮುಗಿಸಿ ಎದ್ದ ಮೇಲೆ

ಓದುಗರೊಬ್ಬರ ಪತ್ರ (ಸಂಕ್ಷಿಪ್ತವಾಗಿ):

"ಸಂಪಾದಕರಿಗೆ ಕರ್ತನಲ್ಲಿ ವಂದನೆಗಳು. ನಾನು ದೀಕ್ಷಾಸ್ನಾನ ಪಡೆದು 12 ವರ್ಷ ಆಯಿತು. ರಾತ್ರಿ ಮಲಗುವಾಗ ಹನ್ನೆರಡಾದರೂ ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ ಮಾಡುತ್ತೇನೆ. ಸತ್ಯವೇದವನ್ನು ಮೊದಲಿಂದ ಕೊನೆಯವರೆಗೆ ನಾಲ್ಕು ಸಲ ಓದಿದ್ದೇನೆ. ಎಷ್ಟು ಅಧ್ಯಾಯ ಓದಿದೆ, ಎಷ್ಟು ನಿಮಿಷ ಪ್ರಾರ್ಥಿಸಿದೆ, ಯಾವತ್ತು ಎಲ್ಲಿ ತಪ್ಪಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಆದರೂ ನನ್ನ ಸಿಟ್ಟು ಹಾಗೇ ಇದೆ. ಮನಸ್ಸು ಒಣಗಿಹೋಗಿದೆ. ಹೋದ ತಿಂಗಳು ಒಂಬತ್ತು ವರ್ಷದ ಮಗಳು, 'ಅಮ್ಮಾ, ನೀನು ಪ್ರಾರ್ಥನೆ ಮುಗಿಸಿ ಎದ್ದ ಮೇಲೇ ಜಾಸ್ತಿ ಬೈತೀಯ' ಅಂದಳು. ಫಲ ಕೊಡದ ಕೊಂಬೆಯನ್ನು ತಂದೆಯು ತೆಗೆದುಹಾಕುತ್ತಾನೆ ಎಂದು ಯೋಹಾನ 15ರಲ್ಲಿ ಇದೆಯಲ್ಲ, ಆ ಕೊಂಬೆ ನಾನೇನಾ? ನಾನು ಇನ್ನೂ ಏನು ಮಾಡಬೇಕು? — ಫಲವಿಲ್ಲದ ಕೊಂಬೆ."

ಪ್ರಿಯ ಸಹೋದರಿ,

ನಿಮ್ಮ ಪತ್ರ ಬಂದು ಐದು ವಾರ ಆಯಿತು. ಹಿಂದಿನ ಸಂಚಿಕೆಯಲ್ಲೇ ಉತ್ತರ ಕೊಡಬಹುದಿತ್ತು. ಎರಡು ಸಲ ಬರೆದೆ, ಎರಡು ಸಲವೂ ಹರಿದೆ. ಬರೆದದ್ದೆಲ್ಲ ಸರಿಯಾಗಿಯೇ ಇತ್ತು, ಆದರೆ ಅದರಲ್ಲಿ ನಿಮ್ಮ ಮಗಳಿಗೆ ಉತ್ತರ ಇರಲಿಲ್ಲ. ಆ ಮಗು ಹೇಳಿದ ಒಂದು ಮಾತು ಇಷ್ಟು ದಿನವೂ ನನ್ನ ಜೊತೆಗೇ ಇತ್ತು. ಅದನ್ನು ನೀವು ಮುಚ್ಚಿಡದೆ ಬರೆದಿರಿ. ಅದಕ್ಕೆ ನಿಮಗೆ ಕೃತಜ್ಞನಾಗಿದ್ದೇನೆ.

ಮೊದಲು ನಿಮ್ಮ ಭಯದ ಬಗ್ಗೆ ಹೇಳುತ್ತೇನೆ. ಅದು ಇಳಿಯದೆ ಉಳಿದ ಮಾತು ಕಿವಿಗೆ ಬೀಳುವುದಿಲ್ಲ.

ನೀವು ಯೋಹಾನ 15ರ ಎರಡನೆಯ ವಚನದಲ್ಲಿ ನಿಂತುಬಿಟ್ಟಿದ್ದೀರಿ. ದಯವಿಟ್ಟು ಮೂರನೆಯ ವಚನಕ್ಕೆ ಬನ್ನಿ. ನಾನು ನಿಮಗೆ ಹೇಳಿದ ವಾಕ್ಯದಿಂದ ನೀವು ಈಗಾಗಲೇ ಶುದ್ಧರಾಗಿದ್ದೀರಿ ಎಂದು ಯೇಸು ಅಲ್ಲಿ ಹೇಳುತ್ತಾನೆ. ಎರಡನೆಯ ವಚನದಲ್ಲಿ ತೋಟಗಾರನು ಕೊಂಬೆಯನ್ನು ಸವರಿ ಶುದ್ಧಮಾಡುವ ಮಾತಿದೆಯಲ್ಲ, ಅದಕ್ಕೂ ಈ 'ಶುದ್ಧರು' ಎಂಬ ಮಾತಿಗೂ ಮೂಲ ಗ್ರೀಕಿನಲ್ಲಿ ಒಂದೇ ಬೇರು. ಇದನ್ನು ಯಾರಿಗೆ ಹೇಳಿದನು? ಆ ಹೊತ್ತಿಗೆ, ಆತನನ್ನು ಹಿಡಿದುಕೊಟ್ಟ ಯೂದನು ಎದ್ದು ಹೊರಗೆ ಹೋಗಿಯಾಗಿತ್ತು. ಉಳಿದವರು ಹನ್ನೊಂದು ಮಂದಿ ಶಿಷ್ಯರು. ಅದೇ ರಾತ್ರಿ ಅವರೆಲ್ಲ ಯೇಸುವನ್ನು ಬಿಟ್ಟು ಓಡಿಹೋದರು. ಪೇತ್ರನು ಕೋಳಿ ಕೂಗುವ ಮುಂಚೆ ಮೂರು ಸಲ, ಆತನನ್ನು ಅರಿಯೆನು ಅಂದನು. ಹೀಗೆಲ್ಲ ಆಗುತ್ತದೆ ಎಂದು ಆತನಿಗೆ ಗೊತ್ತಿತ್ತು. ಗೊತ್ತಿದ್ದೂ 'ಈಗಾಗಲೇ ಶುದ್ಧರು' ಅಂದನು. ಆಮೇಲೆ ನಾಲ್ಕನೆಯ ವಚನದಿಂದ ಹತ್ತನೆಯ ವಚನದೊಳಗೆ, ಗ್ರೀಕಿನಲ್ಲಿ ಎಣಿಸಿದರೆ, ಹತ್ತು ಸಲ ಒಂದೇ ಮಾತು ಬರುತ್ತದೆ: ನೆಲೆಗೊಂಡಿರುವುದು. 'ಹಣ್ಣು ಬಿಡಿ' ಎಂದು ಕೊಂಬೆಗೆ ಅಪ್ಪಣೆ ಇಲ್ಲ. 'ನನ್ನಲ್ಲಿ ಇರಿ' ಎಂದಿದೆ. ಮಗಳ ಮಾತು ಕೇಳಿ ಅಳು ಬಂದು, ಪತ್ರ ಬರೆದು, ಉತ್ತರಕ್ಕೆ ಕಾಯುತ್ತಿರುವ ನೀವು ಕಡಿದು ಬಿಸಾಡಿದ ಕೊಂಬೆ ಎಂದು ನನಗೆ ಅನ್ನಿಸುವುದೇ ಇಲ್ಲ.

ಇನ್ನು ಆ ನೋಟ್‌ಬುಕ್.

ಬರೆದಿಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಎಷ್ಟೋ ದೇವಭಕ್ತರು ದಿನಚರಿ ಬರೆದಿದ್ದಾರೆ. ಆದರೆ ನಿಮ್ಮ ಪತ್ರ ಓದಿದಾಗ 2 ಪೇತ್ರ ಒಂದನೆಯ ಅಧ್ಯಾಯ ನೆನಪಾಯಿತು. ಫಲವಿಲ್ಲದ ಜೀವನದ ಬಗ್ಗೆ ಪೇತ್ರನು ಅಲ್ಲಿ ನೇರವಾಗಿ ಮಾತಾಡುತ್ತಾನೆ. ನಂಬಿಕೆಗೆ ಸದ್ಗುಣ, ಜ್ಞಾನ, ದಮೆ, ತಾಳ್ಮೆ, ಭಕ್ತಿ, ಸಹೋದರಸ್ನೇಹ, ಪ್ರೀತಿ ಇವನ್ನೆಲ್ಲ ಕೂಡಿಸಿಕೊಳ್ಳಿರಿ, ಇವು ಇದ್ದರೆ ನೀವು ನಿಷ್ಫಲರಾಗುವುದಿಲ್ಲ ಎನ್ನುತ್ತಾನೆ. ಸರಿ, ಇವು ಒಬ್ಬನಲ್ಲಿ ಇಲ್ಲದೇ ಹೋದರೆ? ಒಂಬತ್ತನೆಯ ವಚನ ನೋಡಿ. ಅವನು ಕಡಿಮೆ ಓದಿದ, ಕಡಿಮೆ ಪ್ರಾರ್ಥಿಸಿದ ಎಂದು ಅಲ್ಲಿಲ್ಲ. ತನ್ನ ಹಿಂದಿನ ಪಾಪಗಳಿಂದ ತನಗೆ ಶುದ್ಧಿಯಾಯಿತು ಅನ್ನುವುದನ್ನೇ ಅವನು ಮರೆತಿದ್ದಾನೆ ಎಂದಿದೆ.

ಈ ವಚನವನ್ನು ನಾನು ಎಷ್ಟೋ ವರ್ಷ ಸುಮ್ನೆ ದಾಟಿ ಹೋಗಿದ್ದೆ. ಕ್ಷಮೆ ಅಂದರೆ ಬಾಗಿಲು, ಒಳಗೆ ಬಂದ ಮೇಲೆ ಅದನ್ನು ಬಿಟ್ಟು ಮುಂದಕ್ಕೆ ಹೋಗಬೇಕು ಅಂದುಕೊಂಡಿದ್ದೆ. ಪೇತ್ರನಿಗೆ ಹಾಗಲ್ಲ. ಮೂರು ಸಲ ಅರಿಯೆನೆಂದು, ಮತ್ತೆ ಕರೆಸಿಕೊಂಡ ಮನುಷ್ಯ ಅವನು. ಅವನ ಪ್ರಕಾರ ಕ್ಷಮೆ ಬೇರು. ಬೇರನ್ನು ಮರೆತರೆ ಮೇಲಿನದು ಒಣಗುತ್ತದೆ.

ನಿಮ್ಮ ನೋಟ್‌ಬುಕ್ಕಿನಲ್ಲಿ ಏನೇನಿದೆ ಎಂದು ನೀವೇ ಬರೆದಿದ್ದೀರಿ. ಓದಿದ ಅಧ್ಯಾಯ ಇದೆ, ನಿಮಿಷ ಇದೆ, ತಪ್ಪು ಇದೆ. ಕ್ಷಮೆ ಸಿಕ್ಕಿದ್ದು ಎಲ್ಲಿದೆ? ದಿನಾ ಬೆಳಿಗ್ಗೆ ಐದಕ್ಕೆ ನೀವು ತಂದೆಯ ಮುಂದೆ ಹೋಗುತ್ತಿದ್ದೀರಾ, ಅಥವಾ ಸಾಲ ಕೊಟ್ಟವನ ಮುಂದೆ ಲೆಕ್ಕ ಒಪ್ಪಿಸಲು ಹೋಗುತ್ತಿದ್ದೀರಾ? ಇದನ್ನು ಗದರಿಸಲು ಕೇಳುತ್ತಿಲ್ಲ. ನಾನೂ ಅಲ್ಲೇ ಇದ್ದವನು.

ನಿಮ್ಮ ಮಗಳ ಮಾತಿಗೆ ಉತ್ತರ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಒಂದು ಗಂಟೆ ನಮ್ಮ ಲೆಕ್ಕ ನೋಡಿ ಎದ್ದವರು, ಹೊರಗೆ ಬಂದ ಕೂಡಲೇ ಬೇರೆಯವರ ಲೆಕ್ಕ ನೋಡಲು ಶುರುಮಾಡುತ್ತೇವೆ. ಹಾಸಿಗೆ ಮಡಚಿಲ್ಲ, ಶೂ ಸಿಕ್ಕಿಲ್ಲ, ಹೋಂವರ್ಕ್ ಆಗಿಲ್ಲ. ನಮ್ಮನ್ನು ನಾವು ಅಳೆದ ಅಳತೆಕೋಲು ಕೈಯಲ್ಲೇ ಇರುತ್ತದೆ. ಎದುರಿಗೆ ಮೊದಲು ಸಿಗುವುದು ಮಗು.

ಮತ್ತಾಯ 18ರಲ್ಲಿ ಯೇಸು ಹೇಳಿದ, ಒಡೆಯನಿಗೆ ಸಾಲ ತೀರಿಸಬೇಕಿದ್ದ ಆಳಿನ ಕಥೆ ನಿಮಗೆ ಗೊತ್ತು. ಅದರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. ಒಂದು ದಿನಾರಿ ಅಂದರೆ ಆಗಿನ ಒಂದು ದಿನದ ಕೂಲಿ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಆ ಆಳಿನ ಸಾಲ 10,000 ತಲಾಂತು, ಅಂದರೆ 6 ಕೋಟಿ ದಿನಗಳ ಕೂಲಿ. ಒಂದು ದಿನವೂ ಬಿಡದೆ ದುಡಿದರೂ 1,60,000 ವರ್ಷಕ್ಕಿಂತ ಜಾಸ್ತಿ ಬೇಕು. 'ಸ್ವಲ್ಪ ತಾಳು, ಎಲ್ಲಾ ತೀರಿಸುತ್ತೇನೆ' ಎಂದು ಅವನು ಬೇಡಿಕೊಳ್ಳುತ್ತಾನೆ. ತೀರಿಸುವುದಂತೆ! ಒಡೆಯನು ಕನಿಕರಪಟ್ಟು ಪೂರ್ತಿ ಸಾಲ ಬಿಟ್ಟುಬಿಡುತ್ತಾನೆ. ಆದರೆ ಅದು ಆಳಿನ ಮನಸ್ಸಿಗೆ ಇಳಿಯುವುದೇ ಇಲ್ಲ. ಹೊರಗೆ ಬಂದವನೇ ನೂರು ದಿನಾರಿ ಕೊಡಬೇಕಾದ ಜೊತೆಯಾಳಿನ ಕುತ್ತಿಗೆ ಹಿಡಿಯುತ್ತಾನೆ. ನೂರು ದಿನಾರಿ ಸಣ್ಣ ಸಾಲವೇನಲ್ಲ, ಮೂರು ತಿಂಗಳ ಕೂಲಿ. ಮನೆಯಲ್ಲಿ ನಮಗೆ ಆಗುವ ಬೇಜಾರು, ದಣಿವು ಕೂಡ ಸುಳ್ಳಲ್ಲ. ಆದರೆ ನಮಗೆ ಬಿಟ್ಟ ಸಾಲ ನೆನಪಿದ್ದಿದ್ದರೆ ಕೈ ಕುತ್ತಿಗೆಗೆ ಹೋಗುತ್ತಿರಲಿಲ್ಲ, ಅಲ್ವಾ?

ನನ್ನದೇ ಒಂದು ವಿಷಯ ಹೇಳಬೇಕು. ಹಲವು ವರ್ಷಗಳ ಹಿಂದೆ ಒಂದು ಉಪವಾಸ ಪ್ರಾರ್ಥನೆ ಮುಗಿಸಿಕೊಂಡು ನೇರ ಕೆಲಸಕ್ಕೆ ಬಂದೆ. ಅಚ್ಚಾಗಿ ಬಂದ ಪುಟದಲ್ಲಿ ಒಂದು ವಚನವೇ ತಪ್ಪಾಗಿತ್ತು. ಪುಟ ಕಟ್ಟಿದ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದೆ. ಅವನು ಏನೂ ಹೇಳಲಿಲ್ಲ. ವಾರದೊಳಗೆ ಕೆಲಸ ಬಿಟ್ಟ. ಮುಂದಿನ ಸಂಚಿಕೆಗೆ ನಾನು ದೀರ್ಘಶಾಂತಿಯ ಬಗ್ಗೆ ಲೇಖನ ಬರೆದೆ. ಜನ ಮೆಚ್ಚಿ ಪತ್ರ ಬರೆದರು. ಅವನ ಮನೆಗೆ ಹೋಗಿ ಕ್ಷಮೆ ಕೇಳಲು ನನಗೆ ಎಂಟು ತಿಂಗಳು ಬೇಕಾಯಿತು. ಆ ಎಂಟು ತಿಂಗಳೂ ನನ್ನ ಪ್ರಾರ್ಥನೆ ಒಂದು ದಿನವೂ ತಪ್ಪಿರಲಿಲ್ಲ. ಒಣಗಿತ್ತು ಮಾತ್ರ. ಒಣಗಿದ್ದಕ್ಕೆ ಇನ್ನೂ ಹೆಚ್ಚು ಪ್ರಾರ್ಥಿಸಿದೆ. ಅವನು ಬಾಗಿಲು ತೆಗೆದು, 'ಒಳಗೆ ಬನ್ನಿ ಸಾರ್' ಅಂದಾಗ ನನಗೆ ಮಾತು ಹೊರಡಲಿಲ್ಲ. ಅವತ್ತು ರಾತ್ರಿ ಮೊಣಕಾಲೂರಿದಾಗ, ಎಷ್ಟೋ ದಿನಗಳ ಮೇಲೆ, ನಾನು ಯಾರ ಹತ್ತಿರ ಮಾತಾಡುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು.

ಪೌಲನು ಗಲಾತ್ಯದವರಿಗೆ ಬರೆದ, ಪವಿತ್ರಾತ್ಮನಿಂದ ಬರುವ ಫಲದ ಪಟ್ಟಿಯನ್ನು ಈ ಕಣ್ಣಿನಿಂದ ಮತ್ತೆ ನೋಡಿ. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ಇವುಗಳಲ್ಲಿ ಎಷ್ಟನ್ನು ಒಬ್ಬರೇ ಬಾಗಿಲು ಹಾಕಿಕೊಂಡು ಬೆಳೆಸಬಹುದು? ಕೋಣೆಯಲ್ಲಿ ಒಬ್ಬರೇ ಇರುವಾಗ ದೀರ್ಘಶಾಂತಿಗೆ ಏನು ಕೆಲಸ? ಐದು ಗಂಟೆಯ ಪ್ರಾರ್ಥನೆ ಬೇಕೇ ಬೇಕು. ಆದರೆ ಹಣ್ಣು ಕಾಣಿಸುವ ಜಾಗ ಏಳು ಗಂಟೆಯ ಮನೆ. ನೀವು ಅದನ್ನು ಪ್ರಾರ್ಥನೆಯನ್ನು ಹಾಳುಮಾಡುವ ಹೊತ್ತು ಎಂದು ನೋಡುತ್ತಿದ್ದೀರಿ. ಪವಿತ್ರಾತ್ಮನು ಕೆಲಸ ಮಾಡಬೇಕೆಂದಿರುವುದು ಅಲ್ಲೇ ಇರಬಹುದು.

ನೆನಪಿನ ಬಗ್ಗೆ ಹೇಳುವಾಗ ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ಸಭಾಪಾಲಕನನ್ನು ಹೇಳದೆ ಇರಲಾರೆ. 1748ರಲ್ಲಿ ಸಮುದ್ರದ ಬಿರುಗಾಳಿಗೆ ಸಿಕ್ಕಿ ದೇವರಿಗೆ ಮೊರೆಯಿಟ್ಟವನು ಅವನು. ತನ್ನ ತಿರುಗುವಿಕೆಯನ್ನು ಆ ದಿನದಿಂದಲೇ ಎಣಿಸುತ್ತಿದ್ದ. ಆದರೆ ಅದಾದ ಮೇಲೂ, 1750ರಿಂದ 1754ರವರೆಗೆ, ಗುಲಾಮರನ್ನು ಸಾಗಿಸುವ ಹಡಗುಗಳ ಕ್ಯಾಪ್ಟನ್ ಆಗಿದ್ದ. ಮೇಲೆ ನಾವಿಕರನ್ನು ಕೂಡಿಸಿ ಆರಾಧನೆ ನಡೆಸುತ್ತಿದ್ದ, ಕೆಳಗೆ ಮನುಷ್ಯರು ಸರಪಳಿಯಲ್ಲಿದ್ದರು. ಪ್ರಾರ್ಥನೆ ಇತ್ತು, ಓದು ಇತ್ತು, ದಿನಚರಿ ಇತ್ತು. ಕಣ್ಣು ತೆರೆದಿರಲಿಲ್ಲ. ಕಾಯಿಲೆ ಬಿದ್ದು ಸಮುದ್ರ ಬಿಟ್ಟ. 1764ರಲ್ಲಿ ಆಲ್ನಿ ಎಂಬ ಊರಿನ ಸಭೆಗೆ ಸೇವಕನಾದ. ಅಲ್ಲಿ ತನ್ನ ಓದುವ ಕೋಣೆಯ ಗೋಡೆಯ ಮೇಲೆ ಧರ್ಮೋಪದೇಶಕಾಂಡ 15:15ನ್ನು ಬರೆಸಿಕೊಂಡ: ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ನಿನ್ನ ದೇವರು ನಿನ್ನನ್ನು ಬಿಡಿಸಿದನು, ಅದನ್ನು ನೆನಪಿಡು. ಆ ವಚನ ಬರುವುದು ದಾಸನನ್ನು ಬಿಡುಗಡೆ ಮಾಡುವಾಗ ಬರಿಗೈಯಲ್ಲಿ ಕಳುಹಿಸಬೇಡ ಎನ್ನುವ ಮಾತಿನ ಜೊತೆಗೆ. 1788ರಲ್ಲಿ, ಮೊರೆಯಿಟ್ಟು 40 ವರ್ಷಗಳಾದ ಮೇಲೆ, ಗುಲಾಮರ ವ್ಯಾಪಾರದ ವಿರುದ್ಧ ಒಂದು ಪುಸ್ತಿಕೆ ಬರೆದ. ನಾನೂ ಆ ಕೆಲಸದಲ್ಲಿದ್ದೆ, ಈ ಒಪ್ಪಿಗೆ ತುಂಬಾ ತಡವಾಯಿತು ಎಂದು ಅದರಲ್ಲಿ ಬಹಿರಂಗವಾಗಿ ಹೇಳಿಕೊಂಡ. 1807ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯೂಟನ್ ತೀರಿಕೊಂಡ. ಕೊನೆಗಾಲದಲ್ಲಿ ಭೇಟಿಗೆ ಬಂದ ಗೆಳೆಯನಿಗೆ ಅವನು, ನನ್ನ ನೆನಪು ಬಹುಮಟ್ಟಿಗೆ ಹೋಗಿದೆ, ಆದರೆ ಎರಡು ವಿಷಯ ನೆನಪಿದೆ, ನಾನು ದೊಡ್ಡ ಪಾಪಿ, ಕ್ರಿಸ್ತನು ದೊಡ್ಡ ರಕ್ಷಕ ಎಂದು ಹೇಳಿದ.

ಅವನ ತಡವನ್ನು ನಾನು ಸಮರ್ಥಿಸುವುದಿಲ್ಲ. ಆ ತಡಕ್ಕೆ ಬೆಲೆ ಕೊಟ್ಟವರು ಸರಪಳಿಯಲ್ಲಿದ್ದವರು. ನಮ್ಮ ಸಿಟ್ಟಿಗೆ ನಮ್ಮ ಮಕ್ಕಳು ಬೆಲೆ ಕೊಡುವ ಹಾಗೆ. ಆದರೆ ಒಂದು ಜೀವ ದೇವರ ಕೈಯಲ್ಲಿ ಎಷ್ಟು ನಿಧಾನವಾಗಿ ಹಣ್ಣಾಗಬಹುದು, ಆದರೂ ಆತನು ಕೈಬಿಡುವುದಿಲ್ಲ ಅನ್ನುವುದು ಅಲ್ಲಿ ಕಾಣುತ್ತದೆ. ಯಾಜಕಕಾಂಡ 19ರಲ್ಲಿ ಹೊಸದಾಗಿ ನೆಟ್ಟ ಮರದ ಬಗ್ಗೆ ಒಂದು ನಿಯಮ ಇದೆ. ಮೊದಲ ಮೂರು ವರ್ಷ ಅದರ ಹಣ್ಣು ತಿನ್ನಬಾರದು. ನಾಲ್ಕನೆಯ ವರ್ಷದ ಹಣ್ಣು ದೇವರಿಗೆ. ಐದನೆಯ ವರ್ಷ ತಿನ್ನಬಹುದು. ಕಾಯುವುದನ್ನು ದೇವರೇ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾನೆ.

ನೀವು ಕೊನೆಗೆ ಕೇಳಿದ್ದು, ಇನ್ನೂ ಏನು ಮಾಡಬೇಕು ಅಂತ. ಹೆಚ್ಚಿಗೆ ಏನೂ ಮಾಡಬೇಡಿ. ಮೊದಲು ನಿದ್ದೆ ಮಾಡಿ. ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುವುದು ಎಷ್ಟು ವರ್ಷ ನಡೆದೀತು? ಪ್ರವಾದಿ ಎಲೀಯನು ಸಾಕಪ್ಪಾ ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತನು ಉಪದೇಶ ಮಾಡಲಿಲ್ಲ. ಎಬ್ಬಿಸಿ ಊಟ ಕೊಟ್ಟನು. ಎಲೀಯನು ಮತ್ತೆ ಮಲಗಿದನು. ಮತ್ತೆ ಎಬ್ಬಿಸಿ ಊಟ ಕೊಟ್ಟನು. ಮಾತು ಎಲ್ಲ ಆಮೇಲೆ. ನಿಮ್ಮ ಒಣಗಿದ ಮನಸ್ಸಿನಲ್ಲಿ ಅರ್ಧದಷ್ಟು ಸುಸ್ತೇ ಇರಬಹುದು. ಚೆನ್ನಾಗಿ ಮಲಗಿದ ಮೇಲೂ ಅದು ವಾರಗಟ್ಟಲೆ ಹಾಗೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಅದು ಅಪನಂಬಿಕೆ ಅಲ್ಲ.

ನೋಟ್‌ಬುಕ್ಕನ್ನು ಸ್ವಲ್ಪ ಕಾಲ ಎತ್ತಿಡಿ. ಕೀರ್ತನೆ 103ನ್ನು ಓದಿ. ದಿನಾ ಅದನ್ನೇ ಓದಿದರೂ ಪರವಾಗಿಲ್ಲ. ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎಂದು ದಾವೀದನು ತನ್ನ ಮನಸ್ಸಿಗೇ ಹೇಳಿಕೊಳ್ಳುತ್ತಾನೆ. ಪಟ್ಟಿಯಲ್ಲಿ ಮೊದಲು ಬರುವುದು ಕ್ಷಮೆ. ಪ್ರಾರ್ಥನೆಯಿಂದ ಏಳುವ ಮುಂಚೆ ದೇವರು ನಿಮಗೆ ಕ್ಷಮಿಸಿದ ಒಂದು ವಿಷಯವನ್ನು ನೆನೆದು, ಅದಕ್ಕೆ ಸ್ತೋತ್ರ ಹೇಳಿ ಎದ್ದುಬನ್ನಿ. ಇದನ್ನೂ ಒಂದು ಲೆಕ್ಕ ಮಾಡಿಕೊಳ್ಳಬೇಡಿ. ಮರೆತ ದಿನ ಮರೆತಿರಿ, ಅಷ್ಟೇ.

ಸಭೆಯಲ್ಲಿ ನೀವು ನಂಬುವ ಒಬ್ಬ ಹಿರಿಯ ಸಹೋದರಿಗೆ ಈ ಪತ್ರದಲ್ಲಿ ಬರೆದದ್ದನ್ನು ಹೇಳಿ. ಯಾಕೋಬನು ಹೇಳಿದಂತೆ ಒಬ್ಬರಿಗೊಬ್ಬರು ಅರಿಕೆಮಾಡಿಕೊಂಡು ಪ್ರಾರ್ಥಿಸುವುದು ಪತ್ರಿಕೆಯಿಂದ ಆಗುವ ಕೆಲಸ ಅಲ್ಲ.

ಆಮೇಲೆ ಮಗಳ ಹತ್ತಿರ ಹೋಗಿ. ಬೈದ ಹೊತ್ತಿನಲ್ಲೇ ಅಲ್ಲ, ಅವಳು ಆಟವಾಡಿಕೊಂಡು ಆರಾಮಾಗಿ ಇರುವಾಗ. ಅವಳ ಪಕ್ಕದಲ್ಲಿ ಕೂತು, 'ನೀನು ಅವತ್ತು ಹೇಳಿದ್ದು ನಿಜ ಮಗಳೇ, ನನ್ನದು ತಪ್ಪು, ನನ್ನನ್ನು ಕ್ಷಮಿಸು' ಅನ್ನಿ. ಅಲ್ಲಿಗೇ ನಿಲ್ಲಿಸಿ. 'ಆದರೆ ನೀನೂ ಸ್ವಲ್ಪ...' ಎಂದು ಮುಂದುವರಿಸಬೇಡಿ. ಅಮ್ಮ ಪ್ರಾರ್ಥಿಸುವ ದೇವರು ಎಂಥವನು ಎಂದು ನೀವು ಸಂಡೇ ಸ್ಕೂಲಿನಲ್ಲಿ ಹೇಳಿದ್ದನ್ನು ಅವಳು ಅವತ್ತು ಮನೆಯಲ್ಲಿ ನೋಡುತ್ತಾಳೆ. ಮಾರನೇ ದಿನ ನಿಮಗೆ ಮತ್ತೆ ಸಿಟ್ಟು ಬರಬಹುದು. ಮತ್ತೆ ಹೋಗಿ ಕೇಳಿ.

ನಿಮಗಾಗಿ, ನಿಮ್ಮ ಮಗಳಿಗಾಗಿ ನಾನೂ ನನ್ನ ಹೆಂಡತಿಯೂ ದಿನಾ ಪ್ರಾರ್ಥಿಸುತ್ತಿದ್ದೇವೆ. ಹೆಸರು ಗೊತ್ತಿಲ್ಲದೆ 'ಆ ಅಮ್ಮ, ಆ ಮಗು' ಎಂದೇ ಹೇಳುತ್ತೇವೆ. ಮತ್ತೆ ಬರೆಯುವಾಗ 'ಫಲವಿಲ್ಲದ ಕೊಂಬೆ' ಎಂದು ಸಹಿ ಹಾಕಬೇಡಿ. ನಿಮ್ಮ ಹೆಸರನ್ನೇ ಬರೆಯಿರಿ, ನಾವು ಅದನ್ನು ಅಚ್ಚು ಹಾಕುವುದಿಲ್ಲ. ನೀವು ಕ್ಷಮೆ ಕೇಳಿದಾಗ ಮಗಳು ಏನಂದಳು ಅಂತಲೂ ಬರೆಯಿರಿ.

ಕರ್ತನಲ್ಲಿ ನಿಮ್ಮ ಸಹೋದರ,
ಸಂಪಾದಕ